ಎಡಗಡೆಯ ಮಡ್‌ಗಾರ್ಡ್

ವರ್ಕ್‌ಶಾಪಿನಿಂದ,
ಬುಧವಾರ, ಊಟದ ಹೊತ್ತು

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? 'ಅಪ್ಪನ ಎರಡು ಕಿವಿಯೂ ರಜೆ ಹಾಕಿವೆ ಕಣೋ' ಎಂದು ಅಕ್ಕ ಫೋನಿನಲ್ಲಿ ನಕ್ಕಳು. ತಗಡು ಬಡಿದವರ ಕಿವಿ, ಇಷ್ಟು ದಿನ ಬಾಳಿದ್ದೇ ಹೆಚ್ಚು. ಅದಕ್ಕೇ ಫೋನ್ ಬಿಟ್ಟು ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ; ಬರೆದಿದ್ದೇನೆಂದು ತಿಳಿದುಕೊಳ್ಳಿ.

ಡಾಕ್ಟರ ಹಸಿರು ಕಾರು ನೆನಪಿದೆಯಲ್ಲ? ಅದು ಗೋಡೆಗೆ ಗುದ್ದಿಕೊಂಡು ಬಂದಾಗ ಬಿಡಿಭಾಗ ಎಲ್ಲೂ ಸಿಗದೆ, ನೀವು ಮರಳುಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಿಂದ ಬಡಿದು ಬಡಿದು ಎಡಗಡೆಯ ಮಡ್‌ಗಾರ್ಡ್ ಮಾಡಿದಿರಿ. ಮುಗಿದ ದಿನ ಅಮ್ಮನನ್ನು ಕರೆಸಿ, 'ಎರಡರಲ್ಲಿ ನನ್ನದು ಯಾವುದು ಹೇಳು ನೋಡೋಣ' ಅಂದಿರಿ. ಅಮ್ಮ ಬಲಗಡೆಯದನ್ನು ತೋರಿಸಿದಳು. ನೀವು ಅಷ್ಟು ಹಿಗ್ಗಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಈಗ ಡಾಕ್ಟರ ಮಗ ಆ ಕಾರನ್ನು ನಮ್ಮಲ್ಲೇ ಹೊಸದಾಗಿ ಕಟ್ಟಿಸಿದ್ದಾನೆ. ಎಂಜಿನ್ ಒಂದು ಸತ್ತ ಕಾರಿನದು, ಬಾಗಿಲುಗಳು ಇನ್ನೊಂದರವು. ಅಸಲಿಯೋ ನಕಲಿಯೋ ಹೇಳಲು ಹಳೆಯ ಕಾರುಗಳ ಸಂಘದ ಪರೀಕ್ಷಕರು ನಿನ್ನೆ ಬಂದಿದ್ದರು. ಎಲ್ಲದಕ್ಕೂ ತಲೆಯಾಡಿಸಿದರು; ಅದೇ ಕಾರ್ಖಾನೆ, ಅದೇ ವರ್ಷ, ಹಾಗಾಗಿ ಎಲ್ಲವೂ ಅಸಲಿ. ಎಡಗಡೆಯ ಮಡ್‌ಗಾರ್ಡ್ ಹತ್ತಿರ ನಿಂತರು. 'ಇದನ್ನ ನಿಮ್ಮಪ್ಪ ಬಡಿದು ಮಾಡಿದ್ದು ಅಂತ ಯಾರೋ ಹೇಳ್ತಿದ್ರಲ್ರೀ?' ಬೆರಳ ಗೆಣ್ಣಿನಿಂದ ತಟ್ಟಿದರು, ಕೆಳಗೆ ಮಲಗಿ ಟಾರ್ಚ್ ಬಿಟ್ಟರು. ಏನೂ ಗೊತ್ತಾಗಲಿಲ್ಲ. 'ಕೈಕೆಲಸ ಆದ್ರೆ ಕಿತ್ತು ಗುಜರಿಗೆ ಹಾಕಿ, ಇಲ್ಲಾಂದ್ರೆ ಕಾರು ಅಸಲಿ ಅಂತ ಬರ್ಕೊಡಲ್ಲ. ಫ್ಯಾಕ್ಟರೀದಾದ್ರೆ ಇರ್ಲಿ' ಅಂದರು.

ಕಾರ್ಖಾನೆಯದು ಆ ಕಾರಿನ ಮೈಮೇಲೆ ಇದ್ದದ್ದು ಕೆಲವೇ ವರ್ಷ, ನಿಮ್ಮದು ನನ್ನ ಬಾಲ್ಯದಿಂದಲೂ ಇದೆ. ಇದನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ, ಅವರ ಲೆಕ್ಕದಲ್ಲಿ ಅದು ವಾದವೇ ಅಲ್ಲ. ನಿಮ್ಮ ಹೆಸರು ಉಳಿದರೆ ಮಡ್‌ಗಾರ್ಡ್ ಗುಜರಿಗೆ. ಮಡ್‌ಗಾರ್ಡ್ ಉಳಿದರೆ ಅದನ್ನು ಮಾಡಿದವರು ನೀವಲ್ಲ. ಮೂರನೆಯ ದಾರಿ ಇದ್ದೀತೆಂದು ರೇಡಿಯೇಟರಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಇರಲಿಲ್ಲ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳಿ. ಮೆಟ್ಟಿಲಿಳಿಯುವಾಗ ಹುಷಾರು.

ನಿಮ್ಮ
ಚಿಕ್ಕವನು

ತಾ.ಕ.: ಪರೀಕ್ಷಕರಿಗೆ ಕಾರ್ಖಾನೆಯದೇ ಎಂದುಬಿಟ್ಟೆ. 'ನಮ್ಮಪ್ಪ ಇಲ್ಲಿ ಕಾರು ತೊಳೀತಿದ್ರು, ಅಷ್ಟೇ' ಅಂದೆ. ಭಾನುವಾರ ಅವರು ಅಕ್ಕನ ಮನೆಗೆ ಬಂದು ನಿಮ್ಮನ್ನೇ ಕೇಳುತ್ತಾರಂತೆ. ತೊಳೆಯುತ್ತಿದ್ದೆ ಎಂದೇ ಹೇಳಿ, ಅಪ್ಪಾ. ಮಾತಾಡುವಾಗ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಿ. ಆ ಬೆರಳುಗಳನ್ನು ನೋಡಿದರೆ ಯಾರೂ ನಂಬುವುದಿಲ್ಲ.