ಮೂರನೇ ತಾಕಿನ ಬಾವುಟ

ಏಪ್ರಿಲ್ ೨, ಬೆಳಿಗ್ಗೆ ಆರೂವರೆ

ಮೊಲಗಳಿಗೆ ನೀರು, ಹುಲ್ಲು. ಉಣ್ಣಿ ಸಾಕಲು ನಾಲ್ಕನೇ ಮೊಲದ ಕಿವಿಗೆ ಕಟ್ಟಿದ ಚೀಲ ಸಡಿಲವಾಗಿತ್ತು, ಬಿಗಿದೆ. ಕಣಜದ ಹುಳುಗಳ ಸೀಸೆಗಳಿಗೆ ಜೇನುಹನಿ. ರಜೆ ಮುಗಿಸಿ ಉಣ್ಣಿ ಸಂಶೋಧನಾ ಕೇಂದ್ರಕ್ಕೆ ಬಂದು ಮೂರು ದಿನ. ಕೈಗೆ ಎಲ್ಲ ನೆನಪಿದೆ. ತಲೆಗೆ ಇಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಹಿಂದೆ ಊಟದ ಹೊತ್ತಿಗೆ ಇವಳಿಗೆ ಹೇಳುತ್ತಿದ್ದೆ. "ಅನ್ನದ ಮುಂದೆ ಆ ಹುಳದ ಪುರಾಣ ಬೇಡ" ಅನ್ನುತ್ತಿದ್ದಳು. ನೋಟ್‌ಬುಕ್ ಏನೂ ಅನ್ನುವುದಿಲ್ಲ. ಇವಳು ಹೋಗಿ ಇವತ್ತಿಗೆ ಮೂವತ್ತೆರಡು ದಿನ. ಉಣ್ಣಿ ಜ್ವರ. ಉಣ್ಣಿ ಸಾಯಿಸುವ ಕಣಜ ಸಾಕುವವನ ಹೆಂಡತಿಗೆ ಉಣ್ಣಿ ಜ್ವರ. ಆಸ್ಪತ್ರೆಯಲ್ಲಿ ಯಾರೋ ನಕ್ಕರು ಕೂಡ. ಪಾಪ, ತಡೆಯಲಾಗಲಿಲ್ಲವೇನೋ.

ಪುರಾಣ ಇಷ್ಟೇ. ಕಣಜ ಸಾಸಿವೆಯ ಕಾಲು ಭಾಗ. ಗಸಗಸೆಯಷ್ಟಿರುವ ಮರಿ ಉಣ್ಣಿಯ ಬೆನ್ನೇರಿ, ಒಳಗೆ ಮೊಟ್ಟೆ ಚುಚ್ಚುತ್ತದೆ. ಉಣ್ಣಿ ರಕ್ತ ಕುಡಿಯುವವರೆಗೂ ಮೊಟ್ಟೆ ಮಲಗಿರುತ್ತದೆ. ಕುಡಿದ ಮೇಲೆ ಏಳುತ್ತದೆ. ಒಳಗಿನಿಂದ ತಿನ್ನುತ್ತ ಬೆಳೆದು, ನಲವತ್ತು–ನಲವತ್ತೈದು ದಿನಕ್ಕೆ ಉಣ್ಣಿಯ ಹಿಂಭಾಗದಲ್ಲಿ ತೂತು ಕೊರೆದು ಹೊರಗೆ. ನ್ಯಾಚುರಲ್ ಎನಿಮಿ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು — ದಿ ಎನಿಮಿ ಆಫ್ ಮೈ ಎನಿಮಿ ಈಸ್ ಮೈ... ಮುಂದಿನದು ಮರೆತಿದೆ. ಫ್ರೆಂಡೋ, ಗೆಸ್ಟೋ.

ಏಪ್ರಿಲ್ ೪, ಸಂಜೆ

ಮೂರನೇ ತಾಕಿನಲ್ಲಿ ಬಾವುಟ ಎಳೆದೆವು. ಬಾವುಟ ಅಂದರೆ ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್. ಹುಲ್ಲಿನ ಮೇಲೆ ಎಳೆದುಕೊಂಡು ನಡೆದರೆ ಉಣ್ಣಿ ಅದನ್ನು ಹಸುವೆಂದುಕೊಂಡು ಹತ್ತುತ್ತದೆ. ಕಣಜ ಬಿಟ್ಟಿರುವುದು ಮೂರನೇ ತಾಕಿನಲ್ಲಿ ಮಾತ್ರ. ಬೇರೆಲ್ಲೂ ಇಲ್ಲ. ಇನ್ನೂರ ಹತ್ತು ಮರಿ ಸಿಕ್ಕವು.

ಹೋದ ವರ್ಷ ಇದೇ ತಾಕಿನಲ್ಲಿ ಗಿನಿ ಕೋಳಿ ಬಿಟ್ಟಿದ್ದೆವು. ಉಣ್ಣಿಯೊಂದು ಬಿಟ್ಟು ಎಲ್ಲ ತಿಂದವು. ಡಾಕ್ಟರಮ್ಮನ — ನಮ್ಮ ಕೇಂದ್ರದ ಮುಖ್ಯಸ್ಥೆ — ಹೂಗಿಡಗಳನ್ನೂ. ನಿಜ ಹೇಳಬೇಕೆಂದರೆ ಉಣ್ಣಿಯನ್ನು ನಿಯತ್ತಾಗಿ ತಿನ್ನುವುದು ಇರುವೆ. ಸಂಬಳ ಇಲ್ಲ, ರಿಪೋರ್ಟ್ ಇಲ್ಲ.

ಹೊಸ ಬಾವುಟದ ಅಂಚು ಆಗಲೇ ಬಿಚ್ಚಿದೆ. ಚಿಮಟ ಗೊಣಗಿದ. ಜೊತೆಯ ಅಟೆಂಡರ್, ಜೇಬಿನಲ್ಲಿ ಸದಾ ಚಿಮಟ, ಅದೇ ಹೆಸರಾಯಿತು.

"ಅಣ್ಣಾ, ಅಕ್ಕ ಹೊಲಿದಿದ್ದು ಎರಡು ಬೇಸಿಗೆ ಬರ್ತಿತ್ತು. ಇದು ಎರಡು ಪೊದೆ ಬರಲಿಲ್ಲ. ಆ ಹಳೇದು ಅಂಚು ಹಾಕ್ಸಕ್ಕೆ ಅಂತ ಒಯ್ದಿದ್ರಲ್ಲ, ಎಲ್ಲಿ?"

"ಮನೇಲಿರಬೇಕು ಮಾರಾಯ. ನೋಡ್ತೀನಿ."

ನೋಡಲಿಲ್ಲ. ಇವಳ ಹೊಲಿಗೆ ಬುಟ್ಟಿಯ ಮುಚ್ಚಳ ತೆಗೆಯಲು ಇನ್ನೂ ಕೈ ಬರುತ್ತಿಲ್ಲ.

ಏಪ್ರಿಲ್ ೬

ಮಗಳು ಮತ್ತೆ ಬೂದನ ಮಾತು ತೆಗೆದಳು. ಬೂದ ನಮ್ಮ ನಾಯಿ. ಹನ್ನೊಂದು ವರ್ಷ, ಒಂದು ಕಣ್ಣು ಮಸುಕು. ಹಗಲೆಲ್ಲ ಇವಳ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ತಲೆಯಿಟ್ಟು ಮಲಗುತ್ತಾನೆ.

"ಮನೇಲಿ ನಾಯಿ ಇದ್ಯಾ ಅಂತ ಡಾಕ್ಟರ್ ಮೊದಲು ಕೇಳಿದ್ದೇ ಅದು, ಅಪ್ಪ. ಅಮ್ಮನ್ನ ತಿಂದ್ಕೊಂಡು ಹೆಂಗೆ ಮಲಗಿದೆ ನೋಡು. ನಾನು ಪೋಸ್ಟಾಫೀಸಿಂದ ಬಂದು ಬಾಗಿಲು ತೆಗೆದ್ರೆ ಬಾಲ ಅಲ್ಲಾಡಿಸುತ್ತೆ. ನಂಗೆ ಆಗಲ್ಲ."

"ಯಾರಿಗಾದ್ರೂ ಕೊಡೋಣ."

"ಕುರುಡು ಮುದಿ ನಾಯಿನ ಯಾರು ತಗೋತಾರೆ? ಪ್ರಾಣಿ ಡಾಕ್ಟರನ್ನ ಕೇಳಿದೀನಿ. ಒಂದೇ ಇಂಜೆಕ್ಷನ್. ನೋವಾಗಲ್ವಂತೆ."

ಮಗಳು ಹೀಗಿರಲಿಲ್ಲ. ಚಿಕ್ಕವಳಿದ್ದಾಗ ತನ್ನ ತಟ್ಟೆಯಲ್ಲೇ ಬೂದನಿಗೆ ಹಾಕಿ ಬೈಸಿಕೊಂಡವಳು.

ಏಪ್ರಿಲ್ ೯, ಗುರುವಾರ, ಸಂಜೆ ಐದು

ಇದನ್ನೂ ಬರೆಯಬೇಕು.

ಮಗಳು ತನ್ನ ಕಪಾಟಿನಿಂದ ಮಾತ್ರೆಯ ಪುಟ್ಟ ಡಬ್ಬಿ ತಂದಳು. ಫೆಬ್ರವರಿ ಹದಿನೆಂಟರಂದು ಇವಳ ಸೊಂಟದಿಂದ ಕಿತ್ತ ಉಣ್ಣಿ. ಆಸ್ಪತ್ರೆಯವರು ಕೇಳಬಹುದೆಂದು ಹತ್ತಿಯ ಮೇಲೆ ಇಟ್ಟಿದ್ದಳಂತೆ. ಯಾರೂ ಕೇಳಲಿಲ್ಲ.

"ಮೂವತ್ತು ವರ್ಷ ಇದನ್ನೇ ನೋಡಿದೋನು ನೀನು. ಬೂದಂದೇ ತಾನೇ? ಒಂದ್ಸಲ ಹೇಳಿಬಿಡು. ಶನಿವಾರಕ್ಕೆ ಪ್ರಾಣಿ ಡಾಕ್ಟರಿಗೆ ಹೇಳಿದೀನಿ. ಆಮೇಲೆ ನಂಗೆ ಅನುಮಾನ ಕಾಡಬಾರದು."

ಮುಚ್ಚಳ ತೆಗೆದೆ. ಉಣ್ಣಿ ಬರೀ ಸಿಪ್ಪೆ. ಹಿಂಭಾಗದಲ್ಲಿ ಒಂದು ತೂತು, ಸೂಜಿಯಲ್ಲಿ ಚುಚ್ಚಿದಷ್ಟು ದುಂಡಗೆ. ಹತ್ತಿಯ ಮೇಲೆ ಕರಿ ಧೂಳು. ಧೂಳಿಗೆ ರೆಕ್ಕೆ ಇತ್ತು. ಎಣಿಸಿದೆ. ಅಭ್ಯಾಸ. ಏಳು ಕಣಜ, ಎಲ್ಲ ಸತ್ತಿದ್ದವು.

"ಏನದು ಪುಡಿ?"

"ಧೂಳು."

"ಬೂದಂದೇನಾ?"

"ಹೂಂ."

ಅಷ್ಟೇ. ಒಂದು ಹೂಂ.

ನಾಯಿಯ ಉಣ್ಣಿಯಲ್ಲಿ ನಮ್ಮ ಕಣಜ ಇರುವುದಿಲ್ಲ. ಈ ಉಣ್ಣಿ ಮೂರನೇ ತಾಕಿನದು. ಮೂರನೇ ತಾಕಿನಿಂದ ಮನೆಗೆ ನಡೆದು ಬಂದಿಲ್ಲ. ಫೆಬ್ರವರಿ ಹನ್ನೆರಡು, ಬಾವುಟ ಮುಳ್ಳಿಗೆ ಸಿಕ್ಕಿ ಹರಿದಿತ್ತು. ನಿಯಮ ಏನು? ಎಳೆದ ಬಾವುಟ ಒಂದು ರಾತ್ರಿ ಫ್ರೀಜರಿನಲ್ಲಿರಬೇಕು, ಉಣ್ಣಿ ಸಾಯಬೇಕು, ಆಮೇಲೆ ಗೇಟು ದಾಟಬೇಕು. ಫ್ರೀಜರಿನ ಬಾಗಿಲ ಮೇಲೆ ಆ ಚೀಟಿ ಅಂಟಿಸಿದವನೇ ನಾನು. ಸ್ಟ್ರಿಕ್ಟ್ಲಿ ಅಂತ ಸ್ಪೆಲ್ಲಿಂಗ್ ತಪ್ಪು ಬರೆದು ಚಿಮಟನಿಂದ ನಗೆಪಾಟಲಾದವನು. ಅವತ್ತು ಫ್ರೀಜರ್ ತುಂಬಿತ್ತು. ಒಂದು ದಿನಕ್ಕೇನು, ಮಹಡಿಯ ಬಿಸಿಲಲ್ಲಿ ಹಾಕಿದರಾಯಿತು ಅಂದುಕೊಂಡೆ. ಚೀಲದಲ್ಲಿ ಸುತ್ತಿ ತಂದೆ. ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಇವಳು ಅದನ್ನು ತೊಡೆಯ ಮೇಲೆ ಹರಡಿಕೊಂಡು ಅಂಚು ಮಡಿಸುತ್ತಿದ್ದಳು. ಹಲ್ಲಿನಿಂದ ದಾರ ಕಡಿದಳು. "ಏನು ಹುಲ್ಲಿನ ವಾಸನೇರಿ" ಅಂದಳು. ನಾನು ಕಾಫಿ ಕೇಳಿದೆ.

ನಾವು ಕೈಯಾರೆ ಸಾಕಿದ ಶತ್ರು ಆ ಉಣ್ಣಿಯ ಹೊಟ್ಟೆಯಲ್ಲೇ ಇತ್ತು. ಇವಳ ರಕ್ತ ಕುಡಿದ ಮೇಲೆ ಎದ್ದಿತು. ಇವಳ ರಕ್ತದಲ್ಲಿ ಬೆಳೆಯಿತು. ಉಣ್ಣಿಯನ್ನು ಕೊಂದಿತು ಕೂಡ. ಎಕ್ಸ್‌ಪೆರಿಮೆಂಟ್ ಸಕ್ಸಸ್.

ಏಪ್ರಿಲ್ ೧೦

ಮಗಳು ಪೋಸ್ಟಾಫೀಸಿಗೆ ಹೋದ ಮೇಲೆ ಹೊಲಿಗೆ ಬುಟ್ಟಿ ತೆಗೆದೆ. ಬಾವುಟ ಇಲ್ಲ. ಮಂಚದ ಕೆಳಗೆ, ಮಹಡಿ, ಟ್ರಂಕು, ಎಲ್ಲೂ ಇಲ್ಲ. ಆಸ್ಪತ್ರೆ ದಿನಗಳಲ್ಲಿ ಪಕ್ಕದ ಮನೆಯವರು ಗುಡಿಸಿ ಎಸೆದಿರಬೇಕು. ಎಸೆದಿರಲಿ. ಮಗಳನ್ನು ಕೇಳಬಹುದಿತ್ತು. ಕೇಳಿದರೆ "ಯಾವ ಬಟ್ಟೆ, ಯಾಕೆ" ಅನ್ನುತ್ತಾಳೆ.

ಚಿಮಟನಿಗೆ ನಾಯಿಯ ವಿಷಯ ಹೇಳಿದೆ, ಉಳಿದದ್ದು ಹೇಳಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅಣ್ಣಾ" ಅಂದ. ಸುಮ್ಮನೆ ಅಂದದ್ದು. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ನಾಳೆ ಬೆಳಿಗ್ಗೆ ಹೇಳುತ್ತೇನೆ. ಡಾಕ್ಟರು ಬರುವ ಮೊದಲು. ಹತ್ತು ಗಂಟೆಗೆ ಬರುವುದು.

ಏಪ್ರಿಲ್ ೧೧

ನಾನೇ ಹಿಡಿದುಕೊಂಡಿದ್ದೆ. ಅಂಗೈ ನೆಕ್ಕಿದ. ಆಮೇಲೆ ನೆಕ್ಕಲಿಲ್ಲ.

ಏಪ್ರಿಲ್ ೧೬, ಗುರುವಾರ

ನಾಲ್ಕು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ಸಂಜೆ ಮನೆಗೆ ಬಂದರೆ ಮಗಳ ಮುಖ ಗೆಲುವಾಗಿತ್ತು. ಎರಡು ತಿಂಗಳ ಮೇಲೆ ಮೊದಲ ಸಲ. ಮಿಷನ್ನಿನ ಮುಂದೆ ಇವಳ ಸ್ಟೂಲಿನ ಮೇಲೆ ಕೂತಿದ್ದಳು.

"ಕಣ್ಣು ಮುಚ್ಕೋ ಅಪ್ಪ. ಹಂ, ಈಗ ನೋಡು."

ತೊಡೆಯ ಮೇಲೆ ಬಿಳಿ ಫ್ಲಾನೆಲ್. ನಾಲ್ಕೂ ಕಡೆ ಅಂಚು.

"ಅಮ್ಮನ ಬುಟ್ಟೀಲಿತ್ತು. ಅರ್ಧ ಹೊಲಿದಿದ್ಲು, ಸೂಜಿ ಕೂಡ ಹಾಗೇ ಚುಚ್ಚಿತ್ತು. ಅಮ್ಮ ಆಸ್ಪತ್ರೆಗೆ ಸೇರಿದವತ್ತೇ ತೆಗೆದು ನನ್ನ ಕಪಾಟಲ್ಲಿ ಬಚ್ಚಿಟ್ಟಿದ್ದೆ, ಮುಗಿಸಿ ನಿಂಗೆ ಕೊಡೋಣ ಅಂತ. ಎರಡು ದಿನದಿಂದ ಕೂತಿದೀನಿ. ಅಮ್ಮನಷ್ಟು ನೀಟಾಗಿಲ್ಲ, ನಗಬೇಡ." ಹಲ್ಲಿನಿಂದ ದಾರ ಕಡಿದಳು. ಅವಳಮ್ಮನ ಹಾಗೇ, ತಲೆ ಓರೆ ಮಾಡಿ.

ಕಸಿದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದೆ. ಮಡಿಕೆಯೊಳಗೆ ಗಸಗಸೆ. ಒಂದು, ಎರಡು — ಒಣಗಿ ಸತ್ತವು. ಮೂರನೆಯದು ಕಾಲು ಆಡಿಸಿತು. ಅರವತ್ತಮೂರು ದಿನ ಉಪವಾಸ.

"ಬಟ್ಟೆ ಬದಲಾಯ್ಸು. ಸ್ನಾನ ಮಾಡು. ಮೈಯೆಲ್ಲ ನೋಡ್ಕೋ, ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ."

"ಯಾಕಪ್ಪ? ಏನಾಯ್ತು? ಬೂದ ಹೋಯ್ತಲ್ಲ!"

ಹೇಳಿದೆ. ನಿಂತುಕೊಂಡೇ ಹೇಳಿದೆ. ಫ್ರೀಜರ್, ಚೀಲ, ಸ್ನಾನ, ಡಬ್ಬಿಯ ಧೂಳು. ಅಳಲಿಲ್ಲ ಅವಳು. ಕೂಗಲಿಲ್ಲ. ಒಂದೇ ಕೇಳಿದಳು.

"ಬೂದನ್ನ ಕಳಿಸೋಕೆ ಮುಂಚೆ ಗೊತ್ತಿತ್ತಾ?"

"ಗೊತ್ತಿತ್ತು."

ಸ್ಟೂಲನ್ನು ಮಿಷನ್ನಿನ ಕೆಳಗೆ ಸರಿಸಿಟ್ಟು ಬಚ್ಚಲಿಗೆ ಹೋದಳು.

ಏಪ್ರಿಲ್ ೧೭, ಬೆಳಿಗ್ಗೆ

ಎಡ ಮಂಡಿಯ ಹಿಂದೆ ಒಂದು. ಅವಳೇ ಬಂದು ತೋರಿಸಿದಳು, ಗೋಡೆಯ ಕಡೆ ಮುಖ ಮಾಡಿ. ಚಿಮಟನ ಮನೆಗೆ ಓಡಿದೆ, ಅವನು ಚಿಮಟದ ಜೊತೆಗೇ ಬಂದ. ಅಲ್ಲಾಡದ ಕೈಯಲ್ಲಿ ಅವನೇ ತೆಗೆದ. ಬಾಯಿಯ ಭಾಗವೂ ಬಂತು. ಹೊಟ್ಟೆ ಅರ್ಧ ತುಂಬಿತ್ತು.

ಡಾಕ್ಟರಮ್ಮನಿಗೆ ಎಲ್ಲ ಬರೆದುಕೊಟ್ಟೆ. ಐ ಬೆಗ್ ಟು ಸ್ಟೇಟ್ ಅಂತ ಶುರು ಮಾಡಿ, ಮುಂದೆ ಇಂಗ್ಲಿಷ್ ಬರಲಿಲ್ಲ, ಕನ್ನಡದಲ್ಲಿ ಬರೆದೆ. ಎರಡು ಸಲ ಓದಿದರು. "ಬಾವುಟ ಫ್ರೀಜರಲ್ಲಿ ಇಡಿ. ನೀವು ಮನೆಗೆ ಹೋಗಿ. ಎಂಟು–ಹತ್ತು ದಿನ ಜ್ವರ ನೋಡ್ತಿರಿ, ಏರಿದ್ರೆ ಒಂದು ಗಂಟೆನೂ ಕಾಯಬೇಡಿ." ನಾಳೆಯಿಂದ ಬರಬೇಕೋ ಬೇಡವೋ ಹೇಳಲಿಲ್ಲ.

ಏಪ್ರಿಲ್ ೨೦

ತೊಂಬತ್ತೆಂಟು ಪಾಯಿಂಟ್ ಎರಡು. ನಿನ್ನೆಯೂ ಅಷ್ಟೇ.

ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟುಕೊಂಡು, ತೆಗೆದು, ನನ್ನ ಕೈಗೆ ಕೊಡುತ್ತಾಳೆ. ತಾನು ನೋಡುವುದಿಲ್ಲ. ಅಡುಗೆ ಇಬ್ಬರಿಗೂ ಮಾಡುತ್ತಾಳೆ, ನನ್ನ ತಟ್ಟೆ ಮುಚ್ಚಿಟ್ಟು ತನ್ನದನ್ನು ಕೋಣೆಗೆ ಒಯ್ಯುತ್ತಾಳೆ. ಬೂದನ ಪಾತ್ರೆ ಉಜ್ಜಿ ನನ್ನ ತಟ್ಟೆಯ ಪಕ್ಕ ಬೋರಲು ಹಾಕಿದ್ದಾಳೆ. ತೆಗೆಯುವ ಧೈರ್ಯ ನನಗಿಲ್ಲ.

ಏಪ್ರಿಲ್ ೨೨

ಬೆಳಿಗ್ಗೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಸಂಜೆಯೂ ನಾಲ್ಕು. ಉಣ್ಣಿ ಅರ್ಧವೇ ಕುಡಿದಿತ್ತು. ಅರ್ಧ ಅಂದರೆ ಅರ್ಧ ಅಪಾಯವೇ? ಹಾಗೆ ಲೆಕ್ಕ ಇಲ್ಲ. ಇದ್ದರೆ ಚೆನ್ನಾಗಿತ್ತು.

ಬಾಗಿಲ ಹತ್ತಿರ ನಿಂತು ಕೇಳಿದಳು, ಆರು ದಿನದಲ್ಲಿ ಮೊದಲ ಮಾತು: "ಅಮ್ಮಂಗೆ ಮೊದಲು ಎಲ್ಲಿ ನೋವು ಬಂತು?"

"ಕಣ್ಣಿನ ಹಿಂದೆ."

"ಹೂಂ" ಅಂದಳು. ನನ್ನದೇ ಹೂಂ.

ಏಪ್ರಿಲ್ ೨೪, ಬೆಳಿಗ್ಗೆ ಆರೂವರೆ

ಎದ್ದವಳು ಕಿಟಕಿಯ ಪರದೆ ಎಳೆದಳು. ಬೆಳಕು ಚುಚ್ಚುತ್ತದೆ ಅಂದಳು. ಥರ್ಮಾಮೀಟರ್ ಕೊಟ್ಟಳು. ಈ ಸಲ ಕೋಣೆಗೆ ಹೋಗಲಿಲ್ಲ, ಎದುರಿಗೇ ನಿಂತಿದ್ದಾಳೆ. ಕನ್ನಡಕ ಇಲ್ಲದೆ ಓದಿದೆ. ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ಓದುತ್ತಿದ್ದೇನೆ. ತೊಂಬತ್ತೊಂಬತ್ತು ಪಾಯಿಂಟ್ ಎಂಟು. ಏರಿದೆ.