ಕೆಂಪಕ್ಷರದಲ್ಲಿ ಅಮಾಕ್

ಪಾಯಕುಂಬುಹ್,
೭ ಏಪ್ರಿಲ್ ೨೦೧೯

ಪ್ರೀತಿಯ ಉದಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಬಾತಾಮಿನ ಬಿಸಿಲಿಗೆ ಇನ್ನಷ್ಟು ಕರ್ರಗಾಗಿರಬೇಕು. ಫೋನಂತೂ ಎತ್ತುವುದಿಲ್ಲ, ನೀನು ಬದುಕಿದ್ದೀಯ ಎಂದು ನನಗೆ ತಿಳಿಯುವುದು ನಮ್ಮ ಮಿನಾಂಗ್ ಭಾಷೆಯ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆ’ಗಳಿಂದ. ಯಾವುದೋ ಮೀನಿನ ಪುಟದಲ್ಲಿ ಒಂದು ಅಲ್ಪವಿರಾಮ ತಿದ್ದಿದ್ದು ಕಂಡರೆ, ಸದ್ಯ, ಅಣ್ಣ ಉಂಡು ಕೂತಿದ್ದಾನೆ ಎಂದುಕೊಳ್ಳುತ್ತೇನೆ. ಒಡಹುಟ್ಟಿದವರ ಕ್ಷೇಮಸಮಾಚಾರ ಹೀಗೆ ತಿಳಿಯಬೇಕೇ? ಅಲ್ಲಿಯ ನಿನ್ನ ಚರ್ಚಾಪುಟದಲ್ಲೇ ಬರೆಯಬಹುದಿತ್ತು, ಆದರೆ ಮನೆಯ ಮಾತನ್ನು ಊರೆಲ್ಲ ಓದುತ್ತದೆ. ಅದಕ್ಕೇ ಈ ಕಾಗದ.

ಹೆತ್ತಮ್ಮನ ಸುದ್ದಿ ಕೇಳು: ಅಮಾಕ್‌ಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಕೂಡಲೇ ನನ್ನನ್ನು ನೋಡಿ, “ಎಷ್ಟು ಸೊರಗೋಗಿದ್ದೀಯೇ!” ಎಂದಳು. ಸೊರಗದೆ ಏನು? ಶಾಲೆ, ಆಸ್ಪತ್ರೆ, ಒಲೆ, ಎಲ್ಲಕ್ಕೂ ನಾನೊಬ್ಬಳೇ. ಮನೆಗೆ ಬಂದವಳೇ, “ನಮ್ಮ ಬುಯುಂಗ್ ಬರ್ದಿದ್ದು ತೋರ್ಸು” ಎಂದು ಕೂತಳು. ನಿನ್ನ ಗಡ್ಡ ನರೆತರೂ ಅವಳಿಗೆ ನೀನು ಬುಯುಂಗೇ, ಹುಡುಗನೇ. ನೀನು ಬರೆದ ಸೊಂಗ್ಕೆಟ್ ನೇಯ್ಗೆಯ ಪುಟ ತೆರೆದೆ. ಹೆಸರಾಂತ ನೇಕಾರ್ತಿಯರ ಜೊತೆ ಅವಳ ಹೆಸರನ್ನೂ ಕೊಂಡಿ ಮಾಡಿದ್ದೀಯಲ್ಲ, ಅವರ ಪುಟಗಳು ಇರುವುದರಿಂದ ಅವು ನೀಲಿ, ಇವಳ ಪುಟ ಇಲ್ಲದ್ದರಿಂದ ಇವಳದು ಕೆಂಪು.

“ಎಲ್ಲಾರ್ದೂ ನೀಲಿ, ನಂದೊಂದೇ ಯಾಕೆ ಕೆಂಪು? ನಾನು ಫೇಲಾ?”

ನಮ್ಮ ಅಂಕಪಟ್ಟಿಯ ಕೆಂಪು ಶಾಯಿಗೆ ಸಹಿ ಹಾಕಿ ಹಾಕಿ ಬೇಸತ್ತವಳು, ಅವಳಿಗೆ ಇನ್ನೇನು ಹೊಳೆಯಬೇಕು! ನಿನ್ನ ಮಿಸ್ರಾ ನಮ್ಮದೇ ಕುಲದವಳು, ನಿನಗೆ ತಂಗಿಯಿದ್ದಂತೆ, ಮದುವೆ ಕೂಡದು ಎಂದು ಹಠ ಹಿಡಿದವಳು, ನೀನು ಅವಳನ್ನೇ ಮದುವೆಯಾಗಿ ಊರು ಬಿಡುವಂತೆ ಮಾಡಿದವಳು ತಾನಲ್ಲವೇ? ಆ ಸಿಟ್ಟನ್ನು ಮಗ ಊರ ಮುಂದೆ ಹೀಗೆ ತೀರಿಸಿಕೊಂಡ ಎಂದು ಊಟ ಬಿಟ್ಟು ಮಲಗಿದಳು. ಹಾಗಲ್ಲ, ಯಾರಾದರೂ ಮುಂದೆ ಬರೆಯಲಿ ಎಂದು ಮೊದಲೇ ಹೆಸರು ಹಾಕಿಡುತ್ತಾರೆ ಎಂದರೆ ಕೇಳಬೇಕಲ್ಲ.

ಇಂದು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ನಮ್ಮ ವಿಕಿ ಗುಂಪು ಸೇರಿದಾಗ ನಿವೃತ್ತ ಮೇಷ್ಟ್ರು ಪಾಕ್ ಶಾಫ್ನಿಲ್ ಕೂಡ ಅದನ್ನೇ ಎತ್ತಿದರು. “ನಿಮ್ ತಾಯಿ ಬಗ್ಗೆ ಯಾವ ಪೇಪರಲ್ಲಿ ಬಂದಿದೆಯಮ್ಮಾ? ಕೊಂಡಿ ಹಾಕಿದವನೇ ಬರೀಬೇಕು, ಇಲ್ಲಾ ತೆಗೆದುಬಿಡಿ. ನಮ್ಮ ರೂಢಿ ಅಲ್ವಾ?” ಒಳ್ಳೆಯವರೇ, ಆದರೆ ನನಗೆ ವಾದಿಸುವ ತ್ರಾಣವಿರಲಿಲ್ಲ. ಹೆಸರಿನ ಸುತ್ತ ಕೊಂಡಿಗೆಂದು ಹಾಕಿದ ಆವರಣ ಚಿಹ್ನೆ ಅಳಿಸಿದರೆ ಹೆಸರು ಕಪ್ಪಾಗುತ್ತದೆ, ಅವಳೂ ಎದ್ದು ಉಣ್ಣುತ್ತಾಳೆ. ಇಂದು ಸಂಜೆ ಅಳಿಸುತ್ತೇನೆ. ಬೇಸರ ಮಾಡಿಕೊಳ್ಳಬೇಡ. ನನಗೆ ಸಾಕಾಗಿದೆ, ಉದಾ.

ಮಿಸ್ರಾಗೆ ನನ್ನ ನೆನಪು ತಿಳಿಸು. ಅಲ್ಲಾಹ್ ಇಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಡೆಸ್ನಿತಾ

ರಾತ್ರಿ, ಲಕೋಟೆ ಮುಚ್ಚುವ ಮುನ್ನ: ಸಂಜೆ ಅಳಿಸಲು ಕೂತಾಗ ಅಮಾಕ್ ಎದ್ದು ಬಂದು ನನ್ನ ಕೈ ಹಿಡಿದಳು. “ಕೆಂಪು ಅಂದ್ರೆ ಬರ್ಯೋದು ಬಾಕಿ ಇದೆ ಅಂತಾನಾ? ಆಣೆ ಮಾಡು.” ಮಾಡಿದೆ. “ಹಂಗಾದ್ರೆ ಮುಟ್ಬೇಡ. ನನ್ನ ವಿಷ್ಯ ಅವನಿಗೇನು ಗೊತ್ತು, ಒಂದಿನ ಮಗ್ಗದ ಹತ್ರ ಕೂತಿದ್ನಾ? ಬಂದು ಕೇಳ್ಲಿ, ಹೇಳ್ತೀನಿ. ಅವಳನ್ನೂ ಕರ್ಕೊಂಡ್ ಬರ್ಲಿ.” ಯಾರನ್ನು ಎಂದು ಬೇಕೆಂದೇ ಕೇಳಿದೆ. “ಮಿಸ್ರಾನ” ಎಂದಳು. ನೀನು ಹೋದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಇದೇ ಮೊದಲು.