ಹೋಗಿ ಬರುವ ತೊಟ್ಟಿಲು

ಅಪ್ಪಾ,

ಮೊದಲು ನಿನಗೆ ಬೇಕಾದ ಸುದ್ದಿ: ಬಳ್ಳಾರಿಯ ನಿನ್ನ ವಿಡಿಯೊ ಅಂಗಡಿ ಚೆನ್ನಾಗಿಯೇ ನಡೆದಿದೆ. ಮದುವೆಯ ವೇದಿಕೆಯ ಹಿಂದಿನ ದೊಡ್ಡ ಪರದೆಗೆ ಈಗಲೂ ನಿನ್ನ ದೀಪ, ನಿನ್ನ ಹೂವು, ನಿನ್ನ ಜಲಪಾತವನ್ನೇ ಹಾಕುತ್ತಿದ್ದೇನೆ.

ಕುರುಗೋಡಿನ ಆ ಮದುವೆ ನೆನಪಿದೆಯಾ? ನಿನ್ನ ಹತ್ತಿರ ಇದ್ದದ್ದು ಜಲಪಾತದ ಒಂದು ಚಿಕ್ಕ ತುಣುಕು. ಮುಗಿದು ಮತ್ತೆ ಶುರುವಾದಾಗಲೆಲ್ಲ ಜಿಗಿಯುತ್ತದೆ ಅಂತ, ಅದನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡುವಂತೆ ನೀನು ಜೋಡಿಸಿದ್ದೆ. ಜಿಗಿತವೇನೋ ಹೋಯಿತು. ಆದರೆ ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಸೋದರಮಾವ, "ಲೇ, ನೀರು ಮ್ಯಾಲಕ್ಕ ಹೊಂಟೈತಿ ನೋಡ್ರಲೇ!" ಅಂದುಬಿಟ್ಟರು. ಅಕ್ಷತೆ ಹಿಡಿದವರೆಲ್ಲ ಮದುಮಕ್ಕಳನ್ನು ಬಿಟ್ಟು ಪರದೆ ನೋಡಿ ನಗತೊಡಗಿದರು. ನೀನೂ ನಕ್ಕೆ. "ನಮ್ಮ ಕಾಲುವಿಗೆ ಇಂಥಾ ನೀರ ಬೇಕ್ರಿ, ಕೊನಿ ಹೊಲಕ್ಕೂ ಮುಟ್ಟತೈತಿ" ಅಂದೆ.

ಆಮೇಲೆ ನೀನೇ ಬೇರೆ ದಾರಿ ಕಲಿತು ನನಗೂ ಕಲಿಸಿದೆ. ತುಣುಕಿನ ಕೊನೆಯನ್ನು ಅದರ ಮೊದಲಿನ ಮೇಲೆ ಸ್ವಲ್ಪ ಹೊದಿಸಬೇಕು. ಒಂದು ಮಸುಕಾಗುವಾಗ ಇನ್ನೊಂದು ಮೂಡಬೇಕು. "ಸೀರಿಗೆ ಫಾಲ್ ಹೊಲದಂಗ ಯವ್ವಾ, ಹೊಲಿಗಿ ಕಾಣಬಾರ್ದು" ಅನ್ನುತ್ತಿದ್ದೆ.

ನೀನು ಹೋದ ಮೇಲೆ ನಿನ್ನ ವಿಡಿಯೊ ಹುಡುಕಿದೆ. ಊರವರ ಮದುವೆಗಳೆಲ್ಲ ಇದ್ದವು, ನೀನೆಲ್ಲಿದ್ದೆ? ಯಾವಾಗಲೂ ಕ್ಯಾಮೆರಾದ ಹಿಂದೆ. ಸಿಕ್ಕಿದ್ದು ಒಂದೇ. ಸಿರುಗುಪ್ಪದ ಮನೆಯಲ್ಲಿ ನನ್ನ ಮಗನ ತೊಟ್ಟಿಲು ತೂಗುತ್ತಿದ್ದೀಯ. ಅಷ್ಟರಲ್ಲಿ ತಲೆಯೆತ್ತಿ, "ನನ್ನ ಯಾಕ ಹಿಡಿತಿ, ಕೂಸಿನ್ನ ಹಿಡಿ" ಅಂದೆ. ನಾನು ಕ್ಯಾಮೆರಾ ಹೊರಳಿಸಿದೆ. ಆವತ್ತೊಂದು ದಿನ ನಿನ್ನ ಮಾತು ಕೇಳದಿದ್ದರೆ…

ಅವ್ವ ಅದನ್ನೇ ಟಿವಿಯಲ್ಲಿ ಬಿಡದೆ ಓಡಿಸು ಅಂದಳು. ಓಡಿಸಿದೆ. ಪ್ರತಿ ಸಲ ಶುರುವಾಗುವಾಗ ನಿನ್ನ ಕೈ ಸರಕ್ಕನೆ ಜಿಗಿಯುತ್ತಿತ್ತು. "ಬೆಚ್ಚಿ ಬಿದ್ದಂಗ ಕಾಣತೈತಿ, ಬ್ಯಾಡ" ಅಂದಳು. ನೀನು ಕಲಿಸಿದಂತೆ ಕೊನೆಯನ್ನು ಮೊದಲಿನ ಮೇಲೆ ಹೊದಿಸಿದೆ. ನೀನು ಮಸುಕಾಗುವಾಗ ಅವ್ವ ಮುಖ ತಿರುಗಿಸಿಬಿಟ್ಟಳು. "ಕರಗಿ ಹೊಕ್ಕಾರಲ್ಲೇ. ಒಂದ ಸಲ ಹೋಗಿದ್ದು ಸಾಲದೇನು?" ಅಪ್ಪಾ, ನಾನು ಅವಳ ಮುಂದೆಯೇ ಅತ್ತುಬಿಟ್ಟೆ.

ಅದಾದ ಮೇಲೆ ಕುರುಗೋಡಿನ ನೀರು ನೆನಪಾಯಿತು. ನೀರು ಹಿಂದಕ್ಕೆ ಹೋದರೆ ಜನ ನಗುತ್ತಾರೆ, ಆದರೆ ತೊಟ್ಟಿಲು? ಹೋದದ್ದು ಬಂದೇ ಬರಬೇಕಲ್ಲ! ನೀನು ತಲೆಯೆತ್ತುವ ಮುಂಚೆಯೇ ಕತ್ತರಿಸಿ, ದನಿ ತೆಗೆದು, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸಿದೆ. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ನನಗೇ ಗೊತ್ತಾಗಲಿಲ್ಲ. ಅವ್ವ ಬಹಳ ಹೊತ್ತು ನೋಡಿ, "ಈಗ ಆರಾಮ ತೂಗಾಕತ್ತಾರ ನೋಡು" ಅಂದಳು.

ನೀನು ಕೇಳದೇ ಹೋದ ಸುದ್ದಿ ಇನ್ನೊಂದಿದೆ. ನನಗೆ ಹೆಣ್ಣುಮಗು ಹುಟ್ಟಿದೆ, ಅಪ್ಪಾ. ಮೂಗು ನಿನ್ನದೇ. ಅಂಗಡಿಯನ್ನು ಸದ್ಯಕ್ಕೆ ಕೆಲಸದ ಹುಡುಗರಿಗೆ ಒಪ್ಪಿಸಿ, ಬಾಣಂತನಕ್ಕೆ ಸಿರುಗುಪ್ಪಕ್ಕೆ ಬಂದಿದ್ದೇನೆ. ಅವ್ವ ಅದೇ ತೊಟ್ಟಿಲನ್ನು ಟಿವಿಯ ಎದುರಿಗೇ ಕಟ್ಟಿಸಿದ್ದಾಳೆ. ನಿನ್ನ ಕೈ ಹೋದಾಗ ಅವಳ ಕೈ ಹೋಗುತ್ತದೆ, ಬಂದಾಗ ಬರುತ್ತದೆ. ಕೂಸು ನಿದ್ದೆ ಹೋದ ಮೇಲೂ ತೂಗುತ್ತಲೇ ಇರುತ್ತಾಳೆ.

"ಸಾಕು ಬಿಡವ್ವಾ, ಮಲಗೈತಿ" ಅಂದರೆ, ಟಿವಿಯಿಂದ ಕಣ್ಣು ತೆಗೆಯದೆ ಹೇಳುತ್ತಾಳೆ: "ಅವರಿನ್ನೂ ಬಿಟ್ಟಿಲ್ಲಲ್ಲ."